ಪಿಕಪ್ಪಣ್ಣನ ಎಂಜಿನ್ನು

ಸಿರುಗುಪ್ಪದ ಕಡೆ ಭತ್ತದ ಎರಡೂ ಬೆಳೆ ಕೈಗೆ ಹತ್ತಿದವೆಂದರೆ ಸಾವ್ಕಾರರಲ್ಲಿ ಕೆಲವರು ಇನ್ನಷ್ಟು ಜಮೀನು ಕೊಳ್ಳುತ್ತಾರೆ, ಕೆಲವರು ರೈಸ್‌ಮಿಲ್ಲಿನಲ್ಲಿ ಪಾಲು ಹಾಕುತ್ತಾರೆ, ಕೆಲವರು ಚುನಾವಣೆಗೆ ನಿಲ್ಲುತ್ತಾರೆ. ಇವೆಲ್ಲ ವಾಸಿಯಾಗುವ ಕಾಯಿಲೆಗಳು. ವಾಸಿಯಾಗದವರು ಹಳೇ ಗಾಡಿ ತರುತ್ತಾರೆ. ಅಂಥವನೊಬ್ಬ ತೆಕ್ಕಲಕೋಟೆಯಲ್ಲೂ ಇದ್ದಾನೆ, ಕುರುಗೋಡಿನಲ್ಲೂ ಇದ್ದಾನೆ. ನಮ್ಮೂರಿನವನಿಗೆ ತಂದೆತಾಯಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲ ಅವನು ಪಿಕಪ್ಪಣ್ಣ.

ಗಾಡಿ ಮಹೀಂದ್ರದ ಎಫ್‌ಸಿ-150 ಪಿಕಪ್, 1960ರ ದಶಕದ್ದು. ಮೂಗಿಲ್ಲದ ಚಪ್ಪಟೆ ಮುಖ. ಎಂಜಿನ್ ಮುಂದೆ ಇರುವುದಿಲ್ಲ, ಕ್ಯಾಬಿನ್ನಿನೊಳಗೇ ಡ್ರೈವರ್‌ಗೂ ಪಕ್ಕದವನಿಗೂ ನಡುವೆ ಒಂದು ತಗಡಿನ ಡಬ್ಬಿಯಡಿ ಕೂತಿರುತ್ತದೆ. ಇದನ್ನು ಮೊದಲು ಮಾಡಿದ ಅಮೆರಿಕದ ವಿಲ್ಲಿಸ್ ಕಂಪನಿಯವರ ಊರಲ್ಲಿ ಹಿಮ ಬೀಳುತ್ತದೆ, ಅವರಿಗೆ ಸರಿ. ಬಿಸಿಲು, ಬಹಳ ಬಿಸಿಲು ಎಂಬ ಎರಡೇ ಕಾಲಗಳಿರುವ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಓಡಿಸುವವನ ಎಡತೊಡೆ ಊರು ದಾಟುವಷ್ಟರಲ್ಲಿ ಬೆಂದಿರುತ್ತದೆ.

ಓಡಿಸಿದರೆ ತಾನೆ! ಜೊತೆಗೆ ಬಂದ 2.2 ಲೀಟರಿನ ‘ಹರಿಕೇನ್’ ಪೆಟ್ರೋಲ್ ಎಂಜಿನ್ ಸಿಲಿಂಡರ್ ಸವೆದು ಬೋರಿಗೆ ಬಂದಿತ್ತು. ಅದನ್ನು ಇಳಿಸಿದ್ದಾಯಿತು. ಬದಲಿಗೆ ಯಾವುದನ್ನು ಕೂಡಿಸಬೇಕು ಎಂಬಲ್ಲಿಗೆ ಬಂದು ಲೋಕ ನಿಂತಿದೆ. ಮಗನಿಗೆ ನೋಡಿದ ಹೆಣ್ಣನ್ನು ಒಂದೇ ಮಧ್ಯಾಹ್ನದಲ್ಲಿ ಒಪ್ಪಿ ಹೋಳಿಗೆ ಉಂಡು ಎದ್ದುಬಂದ ಮನುಷ್ಯ, ಈಗ ಮೊಮ್ಮಗನ ಜವಳ ಮುಗಿದರೂ ಎಂಜಿನ್ ಒಪ್ಪಿಲ್ಲ.

ಒಪ್ಪುವುದಾದರೂ ಹೇಗೆ? ಬೆಳಿಗ್ಗೆ ವಗ್ಗರಣಿ-ಮಿರ್ಚಿಗೆ ಹೋಟೆಲಿನಲ್ಲಿ ಕೂತರೆ ಬೆಂಚಿಗೊಂದು ಪಕ್ಷ. ಪ್ಯೂಜೊ ಡೀಸೆಲ್ ಪಕ್ಷದವರು ಹಿರಿಯರು, ಶಾಂತರು. ಎಂಬತ್ತರ ದಶಕದಲ್ಲಿ ಮಹೀಂದ್ರ ಜೀಪುಗಳಿಗೆ ಬಂದ 2112 ಸಿಸಿಯ ಆ ಎಂಜಿನ್ ಎಷ್ಟು ಮೆತ್ತಗೆ ಎಂದರೆ ಬಾನೆಟ್ಟಿನ ಮೇಲೆ ಚಾ ಇಟ್ಟರೂ ತುಳುಕದು ಎನ್ನುತ್ತಾರೆ. ಎಫ್‌ಸಿಗೆ ಬಾನೆಟ್ಟೇ ಇಲ್ಲ ಎಂದು ನೆನಪಿಸಿದರೆ ಬೇಸರ ಮಾಡಿಕೊಳ್ಳುತ್ತಾರೆ. ಎಂಡಿಐ 3200 ಪಕ್ಷ ದೊಡ್ಡದು, ಗದ್ದಲದ್ದು, ಅದರ ಎಂಜಿನ್ನಿನ ಹಾಗೇ. ಬಿ-275 ಪಕ್ಷದವರು ಅಪ್ಪಟ ರೈತರು: “ಟ್ರ್ಯಾಕ್ಟರ್ ಎಂಜಿನ್ನೇ ಮಹೀಂದ್ರದೋರು ಜೀಪಿಗೂ ಹಾಕಿದ್ರಪ್ಪ. ನಿಂದೇನು ಹೆಚ್ಚು?” ಒಂದು ಗುಟ್ಟು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಯಾರು ಯಾವ ಎಂಜಿನ್ ಹೊಗಳುತ್ತಾರೋ ಅವರ ಹಿತ್ತಲಲ್ಲಿ ಅದೇ ಎಂಜಿನ್ ಗೋಣಿಚೀಲ ಹೊದ್ದು ಮಲಗಿರುತ್ತದೆ.

ಪಿಕಪ್ಪಣ್ಣನ ಗುಪ್ತ ಪ್ರೇಮ ಬೇರೆ. ಟೆಂಪೊ ಮೆಟಡಾರಿನ 2.4 ಲೀಟರ್ ಡೀಸೆಲ್ ಮೂಲತಃ ಮರ್ಸಿಡಿಸ್‌ನವರ ಓಎಂ 616 ಎಂದು ಯಾರೋ ಹೇಳಿದಂದಿನಿಂದ ಅವನ ನಡಿಗೆಯೇ ಬದಲಾಯಿತು. “ನೋಡ್ರಿ, ಹೊರಗ ಮಹೀಂದ್ರ, ಒಳಗ ಬೆಂಜ್!” ಬೀಗರ ಮುಂದೆ ಈ ಮಾತು ಹೇಳುವುದಕ್ಕಾಗಿಯೇ ಗಾಡಿ ಕಟ್ಟಿಸುತ್ತಿದ್ದಾನೆಂದು ನನ್ನ ಗುಮಾನಿ.

ಮೇಸ್ತ್ರಿ ದಾರ ಹಿಡಿದು ಅಳೆದ. “ಅಣ್ಣ, ಬೆಂಜ್ ಕೂಡ್ತೈತಿ. ಡಬ್ಬಿ ಮುಚ್ಚಂಗಿಲ್ಲ.”

“ಡಬ್ಬಿ ಎತ್ತರ ಮಾಡಲೇ.”

“ಎತ್ತರ ಮಾಡಿದ್ರ ಗೇರ್ ಹಾಕಾಕ ಕೈ ಮುಟ್ಟಂಗಿಲ್ಲ. ಮತ್ತ ಮೊದಲೇ ಮೂತಿ ಭಾರದ ಗಾಡಿ. ಇಳಿಜಾರಿನಾಗ ಬ್ರೇಕ್ ಒತ್ತಿದ್ರ ಹಿಂದಿಂದು ಎದ್ದು ನಮಸ್ಕಾರ ಅಂತೈತಿ.”

ಹಾಗಾದರೆ ಟ್ರ್ಯಾಕ್ಟರ್ ಎಂಜಿನ್? ಅಲ್ಲಿ ಕ್ರೌನ್-ಪಿನಿಯನ್ ಅಡ್ಡ ಬಂತು. ಈ ಗಾಡಿಯದು 5.38ರ ಅನುಪಾತ, ಚಕ್ರ ಒಂದು ಸುತ್ತು ಹೋಗಲು ಟಾಪ್ ಗೇರಿನಲ್ಲೂ ಎಂಜಿನ್ ಐದಕ್ಕೂ ಹೆಚ್ಚು ಸುತ್ತು ತಿರುಗಬೇಕು. ನಿಮಿಷಕ್ಕೆ ನಾಲ್ಕು ಸಾವಿರ ತಿರುಗುವ ಪೆಟ್ರೋಲಿಗೆ ಅದು ಲೆಕ್ಕಕ್ಕಿಲ್ಲ, ಟ್ರ್ಯಾಕ್ಟರ್ ಡೀಸೆಲ್ ಅರ್ಧ ದಾರಿಯಲ್ಲೇ ಉಸ್ಸಪ್ಪಾ ಎನ್ನುತ್ತದೆ. ಆದೋನಿ ರಸ್ತೆಯಲ್ಲಿ ಭತ್ತದ ಟ್ರ್ಯಾಲಿಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುವ ಚಿತ್ರ ಕಣ್ಣಿಗೆ ಕಟ್ಟಿ ಪಿಕಪ್ಪಣ್ಣ ಅಂದು ಊಟ ಬಿಟ್ಟ.

ಇಷ್ಟರ ಮೇಲೆ ಆರ್‌ಟಿಓ ಏಜೆಂಟ್ ಸರ್ಕಾರದ ಸುದ್ದಿ ತಂದ. ಕೇಂದ್ರದವರು 2021ರಲ್ಲಿ ನಿಯಮ ಮಾಡಿದ್ದಾರೆ: 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ‘ವಿಂಟೇಜ್’ ನೋಂದಣಿ, ನಂಬರಿನಲ್ಲಿ ‘ವಿಎ’ ಅಕ್ಷರ, ಹೊಸದಾಗಿ ಮಾಡಿಸಲು 20,000 ರೂಪಾಯಿ. ಪಿಕಪ್ಪಣ್ಣ ಅಂದೇ ಬೋರ್ಡ್ ಬರೆಯುವವನನ್ನು ಕರೆಸಿದ. ಏಜೆಂಟ್ ಕೆಮ್ಮಿ ಮುಂದುವರಿಸಿದ. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಯಾವುದಕ್ಕೂ ದೊಡ್ಡ ಮಾರ್ಪಾಟು ಆಗಿರಬಾರದು. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ.

“ಅಂದ್ರ ಭತ್ತ?”

“ಹೇರಂಗಿಲ್ಲ.”

“ಬೆಂಜ್?”

“ಹಾಕಂಗಿಲ್ಲ.”

ಅಂದರೆ ಆ ಎರಡಕ್ಷರ ಬೇಕಾದರೆ ಮೂಲೆಯಲ್ಲಿ ಬಿದ್ದ ಹರಿಕೇನನ್ನೇ ಬೋರ್ ಮಾಡಿಸಿ ಎತ್ತಿ ಕೂಡಿಸಬೇಕು. ಬೇರೆ ಯಾರಾದರೂ ಇದ್ದಿದ್ದರೆ ಇದನ್ನೇ ತೀರ್ಮಾನ ಎಂದು ತಿಳಿದು ನಿಟ್ಟುಸಿರು ಬಿಡುತ್ತಿದ್ದರು. ಇವನಿಗೆ ಹೊಸ ಹುರುಪು ಬಂತು. ಪಿಸ್ಟನ್ ಬಳ್ಳಾರಿಯಲ್ಲಿ ಸಿಗುತ್ತದೋ, ಬೆಂಗಳೂರಿನ ಜೆ.ಸಿ. ರೋಡಿಗೇ ಹೋಗಬೇಕೋ? ಓವರ್‌ಸೈಜ್ ಎಷ್ಟು? ಬೆಂಚುಗಳು ಮತ್ತೆ ತುಂಬಿದವು. ಹೆಂಡತಿಯದು ಪ್ರತ್ಯೇಕ ಪಕ್ಷ: “ಒಂದು ಜೊತಿ ಎತ್ತು ಕಟ್ರಿ. ಬೇಸಿಗಿಗೂ ತಂಪಿರ್ತಾವು.”

ಮೊನ್ನೆ ಬೆಂಗಳೂರಿನಿಂದ ಬಂದ ಮಗ ಎಲ್ಲ ಕೇಳಿ ಸುಸ್ತಾಗಿ, “ಅಪ್ಪಾ, ಬ್ಯಾಟರಿ ಮೋಟಾರ್ ಹಾಕ್ಸಿಬಿಡು. ಶಬ್ದ ಇಲ್ಲ, ಶಾಖ ಇಲ್ಲ,” ಎಂದ.

ಪಿಕಪ್ಪಣ್ಣ ಬಹಳ ಹೊತ್ತು ಮೀಸೆ ತಿರುವಿದ. ಆಮೇಲೆ ಗಂಭೀರವಾಗಿ ಕೇಳಿದ:

“ಅದು ಬೋರಿಗೆ ಬಂದ್ರ ಎಲ್ಲಿ ಮಾಡಸ್ಬೇಕು?”