ಒಂದು ಪಕ್ಕೆಲುಬಿನ ಬೇಡಿಕೆ

ಬೆಳಗಾವಿಯನ್ನು ಒಡೆಯುವ ಸುದ್ದಿ ಎದ್ದಾಗೆಲ್ಲ ಬೈಲಹೊಂಗಲದ ಪೇಟೆ ಬಾಗಿಲು ಹಾಕುತ್ತದೆ. ನಮಗೂ ಜಿಲ್ಲೆ ಬೇಕು. ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದ ಕಾಕಾಗೆ ಒಮ್ಮೆ, ‘ಕಾಕಾ, ಜಿಲ್ಲಾ ಅಂದ್ರ ಅರಬ್ಬಿಯೊಳಗ ಪಕ್ಕೆಲುಬು’ ಅಂದೆ. ಪಕ್ಕೆಲುಬು, ಬದಿ, ಮಗ್ಗಲು. ಪಾರಸಿಯವರ ಬಾಯಿಗೆ ಬಿದ್ದು ‘ಜಿಲಾ’ ಆಗಿ, ಕಚೇರಿ ಕಾಗದದ ಬೆನ್ನೇರಿ ನಮ್ಮಲ್ಲಿಗೆ ಬಂತು.

ಕಾಕಾ ಚಹಾದ ಬಸಿ ಕೆಳಗಿಟ್ಟರು. ‘ಬೆಳಗಾವಿಗಿ ಅಷ್ಟು ಎಲುಬು ಅದಾವ. ನಮಗೊಂದು ಕೊಟ್ರ ಏನ್ ಸಾಯ್ತಾರ?’

ತಾಲೂಕೂ ಅರಬ್ಬಿಯದೇ. ಅರ್ಥ ಸಂಬಂಧ, ನಂಟು. ಕಿತ್ತೂರು ನಮ್ಮ ನಂಟು ಕಡಿದುಕೊಂಡು ಹೋದದ್ದೂ ತಾಲೂಕು ಅನ್ನಿಸಿಕೊಳ್ಳಲಿಕ್ಕೇ.

ಕಿತ್ತೂರು ಅಂದರೆ ಸಾಕು, ಕಾಕಾನ ಎದೆ ಉಬ್ಬುತ್ತದೆ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲಿಯ ಖಜಾನೆಗೆ ಮೊಹರು ಹಾಕಿದ; ಅಕ್ಟೋಬರ್ 23ಕ್ಕೆ ಚೆನ್ನಮ್ಮನ ಸೈನ್ಯದ ಕೈಯಲ್ಲಿ ಸತ್ತ. ಮೊಹರು ಪಾರಸಿ, ಖಜಾನೆ ಅರಬ್ಬಿ. ಈ ಖಜಾನೆಯ ಧಾತುವಿನಲ್ಲೇ ಹುಟ್ಟಿದ ಇನ್ನೊಂದು ಕೂಸು ‘ಮಖ್ಜನ್’, ಅಂದರೆ ಉಗ್ರಾಣ. ಅದು ಇಟಲಿ, ಫ್ರಾನ್ಸ್ ಸುತ್ತಿ ಇಂಗ್ಲಿಷಿನವರ ‘ಮ್ಯಾಗಜೀನ್’ ಆಯಿತು. ಮೊದಲು ಮದ್ದುಗುಂಡಿನ ಕೋಠಿ. 1731ರಲ್ಲಿ ಲಂಡನ್ನಿನಲ್ಲಿ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಹೊರಟಮೇಲೆ ಬರಹದ ಕೋಠಿಗೂ ಅದೇ ಹೆಸರು. ಸತ್ತ ಕಲೆಕ್ಟರನ ಅಣ್ಣನ ಮಗ, ಕಾದಂಬರಿಕಾರ ಥ್ಯಾಕರೆ, ಬಹುಕಾಲ ಹೊಟ್ಟೆ ಹೊರೆದದ್ದು ಮ್ಯಾಗಜೀನುಗಳಿಗೆ ಬರೆದು! ಚಿಕ್ಕಪ್ಪನಿಗೆ ಮುಳುವಾದ ಖಜಾನೆ ಮಗನಿಗೆ ಅನ್ನ ಹಾಕಿತು. ಕಾಕಾಗೆ ಇದು ಸೇರಲಿಲ್ಲ. ‘ಅವರ ಮಂದಿಗಿ ಎಲ್ಲಾದಕ್ಕೂ ನಮ್ಮ ಖಜಾನೀನ ಬೇಕು’ ಅಂದರು.

ಇದೇ ಬೆಳಗಾವಿ ಜಿಲ್ಲೆಯ ರಾಮದುರ್ಗದ ನಮ್ಮ ಬೀಗರದು ಬೇರೆ ಪದದ ಕಥೆ. ಅವರು ಎಣಿಸುವ ‘ಪಗಾರ’ ಪೋರ್ಚುಗೀಸರ ಕ್ರಿಯಾಪದ: ಹಣ ಕೊಡುವುದು. ಗೋವೆಯಿಂದ ಘಟ್ಟ ಹತ್ತಿ ಬರುವಷ್ಟರಲ್ಲಿ ಸುಸ್ತಾಗಿ ನಾಮಪದವಾಗಿ ಕುಳಿತಿದೆ. ಕೊಡುವ ಕ್ರಿಯೆ ಮಾತ್ರ ಮುಂದಿನ ತಿಂಗಳಿಗೆ ಹೋಗುತ್ತದೆ.

ಪಕ್ಕದ ಸವದತ್ತಿಯ ಹಳೇ ಹೆಸರು ಸುಗಂಧವರ್ತಿ. ಹೆಸರಿನಲ್ಲೇ ಊದಿನಕಡ್ಡಿ ಹಚ್ಚಿಟ್ಟಂತಿದೆ. ಈಗ ಯಲ್ಲಮ್ಮನ ಗುಡ್ಡದ ದಾರಿಯುದ್ದಕ್ಕೂ ಬ್ಯಾನರುಗಳು: ಮಾಜಿ ಶಾಸಕರು, ಹಾಲಿ ಶಾಸಕರು, ಭಾವಿ ಶಾಸಕರು. ಮಾಜಿ ಅಂದರೆ ಅರಬ್ಬಿಯಲ್ಲಿ ಕಳೆದುಹೋದದ್ದು, ಹಾಲಿಯೂ ಅರಬ್ಬಿ. ‘ಭಾವಿ ಒಂದs ಸಂಸ್ಕೃತ ನೋಡ್ರಿ, ಕಾಕಾ’ ಅಂದೆ.

ಕಾಕಾ ಬ್ಯಾನರಿನ ಹುಡುಗನ ಮುಖ ದಿಟ್ಟಿಸಿದರು. ಗುರುತು ಸಿಕ್ಕಿತು. ‘ಸಂಸ್ಕೃತ ಎಲ್ಲೀದೋ? ಇಲೆಕ್ಷನ್‌ಗಂತ ಅಪ್ಪನ ಹೊಲಾ ಮಾರ್‍ಯಾನ. ಆಡುಗನ್ನಡದ ಬಾವಿಗೇ ಬಿದ್ದಾನ.’