ಮಾರ್ಕಪ್ ಮಾವ

ಮಕ್ಕಳೆಲ್ಲ ಹೊರದೇಶ ಸೇರಿರುವ ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಬೀದಿಗೊಬ್ಬರಾದರೂ ಮಾರ್ಕಪ್ ಮಾವ ಸಿಗುತ್ತಾರೆ. ವಯಸ್ಸು ಅರವತ್ತೈದರ ಮೇಲೆ. ಮಗಳ ಬಾಣಂತನಕ್ಕೆಂದು ಹೆಂಡತಿಯ ಹಿಂದೆ ಹೊರಟು, ಕೆಲವು ತಿಂಗಳು ಲಂಡನ್ನಿನಲ್ಲೋ ಫ್ರಾಂಕ್‌ಫರ್ಟಿನಲ್ಲೋ ಇದ್ದು ಬಂದವರು. ಹೆಂಡತಿ ಅಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದರೆ, ಕೈಗೆ ಕೆಲಸವಿಲ್ಲದ ಗಂಡ ಕಾರ್ಡಿನ ಶುಲ್ಕಗಳನ್ನು ಓದಿಕೊಂಡರು. ಉಳಿದವರು ಯುರೋಪಿನಿಂದ ಚಾಕೊಲೇಟು ತಂದರೆ ಇವರು ಶೇಕಡಾವಾರು ತಂದರು.

ನಮ್ಮ ಬೀದಿಯ ಮಾವನನ್ನು ಯಾರಿಗೆ ಮಾವ ಎಂದು ಕೇಳಬೇಡಿ. ಪೇಪರ್ ಹಾಕುವ ಹುಡುಗನಿಗೂ ಅವರು ಮಾವನೇ. ಬೇಸಿಗೆಯಲ್ಲೂ ತೋಳಿಲ್ಲದ ಸ್ವೆಟರು, ಸೊಂಟಕ್ಕೊಂದು ಪೌಚು. ಪೌಚಿನೊಳಗೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾರ್ಡು. ಪ್ರತಿ ಕಾರ್ಡಿನ ಬೆನ್ನಿಗೂ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರಿನ ತುಂಡು, ಅದರ ಮೇಲೆ ಬಾಲ್‌ಪೆನ್ನಿನ ಬರಹ: ‘ಅಂಗಡಿಗೆ’, ‘ಎಟಿಎಂಗೆ ಮಾತ್ರ’, ‘ಶನಿ ಭಾನು ಬೇಡ’. ಕಟ್ಟಿನ ತಳದಲ್ಲಿರುವ ಕಾರ್ಡಿನ ಮೇಲೆ ‘ಪ್ರಾಣ ಹೋದರೂ ಬೇಡ’ ಎಂದಿದೆ. ಅದು ಹೊರದೇಶದ ಖರ್ಚಿಗೆ ಮೂರೂವರೆ ಪರ್ಸೆಂಟು ಮಾರ್ಕಪ್ಪು, ಅಂದರೆ ಮೇಲುಶುಲ್ಕ, ಹಾಕುವ ಕಾರ್ಡು.

ಆ ಮೂರೂವರೆಯ ಕಥೆಯನ್ನು ಕೇಳದೆ ನಮ್ಮ ಪಾರ್ಕಿನಲ್ಲಿ ಎರಡು ಸುತ್ತು ನಡೆದವರಿಲ್ಲ. “ಲೆಕ್ಕ ಸುಲಭವಾಗಲಿ, ಯೂರೋಗೆ ನೂರು ರೂಪಾಯಿ ಅಂತಿಟ್ಕೊಳಪ್ಪ. ನೂರು ಯೂರೋದ ಸಾಮಾನು ತಗೊಂಡೆ. ಎಷ್ಟಾಯ್ತು?”

“ಹತ್ತು ಸಾವಿರ, ಮಾವ.”

“ತಪ್ಪು! ಬ್ಯಾಂಕಿನ ಮಾರ್ಕಪ್ಪು ಮೂರೂವರೆ ಪರ್ಸೆಂಟು, ಮುನ್ನೂರ ಐವತ್ತು. ಆ ಮುನ್ನೂರ ಐವತ್ತರ ಮೇಲೆ ಹದಿನೆಂಟು ಪರ್ಸೆಂಟು ಜಿಎಸ್‌ಟಿ, ಅರವತ್ತಮೂರು. ಒಟ್ಟು ನಾನೂರ ಹದಿಮೂರು! ಯಾತಕ್ಕೆ ಕೊಟ್ಟೆ ನಾನೂರ ಹದಿಮೂರು? ಕಾರ್ಡು ಉಜ್ಜಿದ್ದಕ್ಕೆ!”

ಕೇಳಿಸಿಕೊಂಡವನು ಜೀವಮಾನದಲ್ಲಿ ಒಂದು ಯೂರೋವನ್ನೂ ಕಂಡವನಲ್ಲ. ಆದರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಮಾವನ ವಾಗ್ವೈಖರಿ ಅಂಥದ್ದು.

ಮಾವ ನಿವೃತ್ತ ಬ್ಯಾಂಕ್ ಅಧಿಕಾರಿ. ಹಿತ್ತಾಳೆ ಟೋಕನ್ನು, ದಾರ ಕಟ್ಟಿದ ಪೆನ್ನು, ಎರಡು ಕೈಯಲ್ಲಿ ಎತ್ತಬೇಕಾದ ಲೆಡ್ಜರು ಇವುಗಳ ನಡುವೆ ಬಾಳಿದ ಜೀವ. ಹಾಗಾಗಿ ಮೊಬೈಲಿನಲ್ಲೇ ಹುಟ್ಟಿದ ಬ್ಯಾಂಕುಗಳನ್ನು ಕಂಡರೆ ಮೊದಮೊದಲು ಗುಮಾನಿ. ಖಾತೆ ತೆರೆಯುವಾಗ ವಿಡಿಯೋದಲ್ಲಿ ಹುಡುಗಿಯೊಬ್ಬಳು “ಸರ್, ಮುಖ ಬಲಕ್ಕೆ ತಿರುಗಿಸಿ” ಎಂದಾಗ, “ತಿರುಗಿಸ್ತೀನಮ್ಮಾ, ಮೊದಲು ನಿಮ್ಮ ಮ್ಯಾನೇಜರ್ ಎಲ್ಲಿ ಕೂತ್ಕೋತಾರೆ ಹೇಳು” ಎಂದು ಕೇಳಿದವರು. ಬರೀ ಡಿಜಿಟಲ್ ಬ್ಯಾಂಕಿಗೆಂದು ರಿಸರ್ವ್ ಬ್ಯಾಂಕು ನಮ್ಮಲ್ಲಿ ಬೇರೆ ಲೈಸೆನ್ಸ್ ಕೊಟ್ಟಿಲ್ಲ, ಇಂಥ ಆ್ಯಪ್‌ಗಳ ಹಿಂದೆ ಲೈಸೆನ್ಸ್ ಇರುವ ಮಾಮೂಲಿ ಬ್ಯಾಂಕೇ ನಿಂತಿರುತ್ತದೆ, ಐದು ಲಕ್ಷದವರೆಗಿನ ಠೇವಣಿ ವಿಮೆಯೂ ಆ ಬ್ಯಾಂಕಿನ ದೆಸೆಯಿಂದಲೇ ಎಂದು ತಿಳಿದ ಮೇಲೆ ಸಮಾಧಾನವಾಯಿತು. ‘ಮಾರ್ಕಪ್ ಸೊನ್ನೆ’ ಎಂಬ ಜಾಹೀರಾತು ಕಂಡ ಮೇಲಂತೂ ಭಕ್ತಿಯೇ ಹುಟ್ಟಿತು.

ಭಕ್ತಿ ಹುಟ್ಟಿದರೂ ಬುದ್ಧಿ ಬಿಡಲಿಲ್ಲ. ಸೊನ್ನೆ ಅಂದರೆ ಎಷ್ಟು ಸೊನ್ನೆ? ವೀಸಾ, ಮಾಸ್ಟರ್‌ಕಾರ್ಡ್‌ಗಳು ದಿನದಿನವೂ ತಮ್ಮದೇ ದರ ಪ್ರಕಟಿಸುತ್ತವೆ. ಕೊಳ್ಳುವ ದರ, ಮಾರುವ ದರಗಳ ಮಧ್ಯದ ಪೇಟೆ ದರಕ್ಕೂ ಅದಕ್ಕೂ ಕೂದಲೆಳೆಯಷ್ಟು ಅಂತರ ಇರುತ್ತದೆ. ಅದನ್ನು ಹುಡುಕಿ ಡೈರಿಯಲ್ಲಿ ಬರೆದರು. ಹೊರದೇಶದ ಎಟಿಎಂನವನು ತನ್ನ ಬಾಬ್ತು ಬೇರೆ ವಸೂಲಿ ಮಾಡುತ್ತಾನೆ, ಅದಕ್ಕೆ ನಮ್ಮ ಕಾರ್ಡಿನ ಸೊನ್ನೆ ಲಾಗೂ ಆಗುವುದಿಲ್ಲ. ಅದನ್ನೂ ಬರೆದರು. ವಿಮಾನ ನಿಲ್ದಾಣದಲ್ಲಿ ‘ಕಮಿಷನ್ ಇಲ್ಲ’ ಎಂದು ಬೋರ್ಡು ಹಾಕಿಕೊಂಡ ಹಣ ಬದಲಿಸುವ ಕೌಂಟರಿನ ಮುಂದೆ ನಿಂತು, ಕೊಳ್ಳುವ ದರದ ಪಕ್ಕದಲ್ಲೇ ಮಾರುವ ದರವನ್ನೂ ಓದಿ, ಎರಡರ ನಡುವಿನ ಕಂದರ ನೋಡಿ ಹೌಹಾರಿದರು. ಅಲ್ಲಿಂದ ಅವರ ಜೀವನಸೂತ್ರ ಹುಟ್ಟಿತು: “ಫೀ ಇಲ್ಲ ಅಂದ್ರೆ ರೇಟಲ್ಲಿದೆ ಅಂತ ಅರ್ಥ.”

ಈ ಶಾಸ್ತ್ರದಲ್ಲಿ ಅವರಿಗೆ ಅಚ್ಚುಮೆಚ್ಚಿನ ಪುರಾಣವೊಂದಿದೆ. ಸತ್ಯನಾರಾಯಣ ಪೂಜೆಯ ಊಟಕ್ಕೆ ಕೂತಾಗಲೂ ಹೇಳುತ್ತಾರೆ. ಲಂಡನ್ನಿನಲ್ಲಿ ಎಸ್ಟೋನಿಯಾ ದೇಶದ ಇಬ್ಬರು ಗೆಳೆಯರು. ಒಬ್ಬನಿಗೆ ಸಂಬಳ ಯೂರೋದಲ್ಲಿ, ಖರ್ಚು ಪೌಂಡಿನಲ್ಲಿ. ಇನ್ನೊಬ್ಬನಿಗೆ ಸಂಬಳ ಪೌಂಡಿನಲ್ಲಿ, ಮನೆಸಾಲದ ಕಂತು ಊರಿನಲ್ಲಿ. ಬ್ಯಾಂಕಿಗೆ ಯಾಕೆ ದಂಡ ಕಟ್ಟಬೇಕೆಂದು, ಪೇಟೆ ದರ ನೋಡಿಕೊಂಡು ಇಬ್ಬರೂ ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಂಡರು. 2011ರಲ್ಲಿ ಅದೇ ಒಂದು ಕಂಪನಿಯಾಯಿತು, ಇವತ್ತಿನ ವೈಸ್. “ನೋಡಿ, ಬುದ್ಧಿವಂತಿಕೆ ಅಂದ್ರೆ ಇದು” ಎಂದು ಮಾವ ಹೋಳಿಗೆ ಮುರಿಯುತ್ತಾರೆ. “ಕೈಸಾಲದ ಲೆಕ್ಕ ಅಷ್ಟೇ ತಾನೆ, ನಮ್ಮಮ್ಮನೂ ಪಕ್ಕದ್ಮನೆಯವರೂ ಕಾಫಿಪುಡಿ ಸಕ್ಕರೆಯಲ್ಲಿ ಇದನ್ನೇ ಮಾಡ್ತಿದ್ರು” ಎನ್ನುತ್ತಾರೆ ಅತ್ತೆ, ತುಪ್ಪ ಬಡಿಸುತ್ತ.

ಮಾವನನ್ನು ಪೂರ್ಣಾವತಾರದಲ್ಲಿ ನೋಡಬೇಕಾದರೆ ಕಾರ್ಡಿನ ಮೆಷಿನ್ನಿನ ಮುಂದೆ ನೋಡಬೇಕು. ಅತ್ತೆಯೇ ಹೇಳಿದ ಪ್ರಸಂಗ ಇದು. ಜಾಗ, ಪ್ಯಾರಿಸ್ಸಿನ ಐಫೆಲ್ ಗೋಪುರಕ್ಕೆ ಹತ್ತಿರದ ಒಂದು ಅಂಗಡಿ. ಗೌರಿ ಹಬ್ಬದ ಅರಿಶಿನ ಕುಂಕುಮಕ್ಕೆ ಬರುವವರಿಗೆಲ್ಲ ಆಗುವಷ್ಟು ಗೋಪುರದ ಕೀಚೈನನ್ನು ಅತ್ತೆ ಆರಿಸಿದ್ದಾರೆ. ಬಿಲ್ಲು ಐವತ್ತು ಯೂರೋ. ಮಾವ ಮೊದಲು ಫೋನು ತೆಗೆದು ಕಾರ್ಡಿನ ಬೀಗ ತೆಗೆಯಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡು ನಾವಾಗಿ ಆನ್ ಮಾಡುವ ತನಕ ಹೊರದೇಶದಲ್ಲಿ ನಡೆಯುವುದಿಲ್ಲ. ಉಳಿದವರು ಒಂದು ಸಲ ಆನ್ ಮಾಡಿ ಮರೆಯುತ್ತಾರೆ. ಮಾವ ಪ್ರತಿ ವ್ಯಾಪಾರಕ್ಕೂ ತೆಗೆದು, ಮುಗಿದ ಕೂಡಲೇ ಹಾಕುತ್ತಾರೆ.

ಬೀಗ ತೆರೆಯಿತು. ಕಾರ್ಡು ಮುಟ್ಟಿಸಿದರು. ಮೆಷಿನ್ನು ಕೇಳಿತು: ಯೂರೋದಲ್ಲಿ ಕೊಡುತ್ತೀರೋ, ರೂಪಾಯಿಯಲ್ಲಿ ಕೊಡುತ್ತೀರೋ? ರೂಪಾಯಿಯ ಗುಂಡಿ ಹಚ್ಚಹಸಿರು. ಯೂರೋದ್ದು ಬೂದಿ ಬಣ್ಣದಲ್ಲಿ ಮೂಲೆಗೆ ಮುದುಡಿಕೊಂಡಿದೆ. ಪರದೇಶದಲ್ಲಿ ನಮ್ಮ ರೂಪಾಯಿಯ ಹೆಸರು ಕಂಡು ಅತ್ತೆಗೆ ಹೆಮ್ಮೆ ಉಕ್ಕಿತು. “ಅಯ್ಯೋ, ನಮ್ಮ ದುಡ್ಡೇ ತಗೋತಾರಂತೆ ರೀ!” ಅಂಗಡಿಯವನು ಗಿರಾಕಿಗೆ ಉಪಕಾರವಾಗಲೆಂದು ಬೆರಳು ಮುಂದೆ ಚಾಚಿ ಹಸಿರನ್ನೇ ಒತ್ತಿಬಿಟ್ಟ.

“ನೋ!” ಎಂದರು ಮಾವ. ಗೋಪುರದ ಬುಡದಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದವರೂ ತಿರುಗಿ ನೋಡಿದರಂತೆ.

“ಸೇಮ್ ಸೇಮ್, ಮಸ್ಯೂ” ಎಂದ ಅವನು.

“ನಾಟ್ ಸೇಮ್! ಕ್ಯಾನ್ಸಲ್!”

ಮಾವ ಹೇಳಿದ್ದು ನೂರಕ್ಕೆ ನೂರು ಸರಿ. ಮಾವನ ಜೊತೆ ಇರುವ ತೊಂದರೆಯೇ ಅದು, ಅವರು ಯಾವಾಗಲೂ ಸರಿ. ರೂಪಾಯಿಯ ಗುಂಡಿ ಒತ್ತಿದರೆ ದರ ಕಟ್ಟುವುದು ನಮ್ಮ ಬ್ಯಾಂಕಲ್ಲ, ಕಾರ್ಡಿನ ಜಾಲವಲ್ಲ, ಆ ಮೆಷಿನ್ನಿನ ಹಿಂದಿರುವ ಕಂಪನಿ. ಮಾವನ ನೂರರ ಲೆಕ್ಕದಲ್ಲಿ ಐದು ಸಾವಿರ ಆಗಬೇಕಾದ ಕಡೆ ಪರದೆ ಐದು ಸಾವಿರದ ಮುನ್ನೂರು ಎನ್ನುತ್ತದೆ. ಮಾರ್ಕಪ್ಪಿಲ್ಲದ ಕಾರ್ಡೂ ಇಲ್ಲಿ ನಮ್ಮನ್ನು ಕಾಪಾಡದು, ಯಾಕೆಂದರೆ ದುಡ್ಡು ಅದರ ಕೈಗೆ ಬರುವ ಹೊತ್ತಿಗಾಗಲೇ ರೂಪಾಯಿಯಾಗಿರುತ್ತದೆ. ಸಾಲದೆಂಬಂತೆ, ಹೀಗೆ ರೂಪಾಯಿಯಲ್ಲಿ ಕೊಟ್ಟದ್ದಕ್ಕೂ ನಮ್ಮ ಕೆಲವು ಬ್ಯಾಂಕುಗಳು ಇನ್ನೊಂದಿಷ್ಟು ಹಾಕುತ್ತವೆ. ಗಿರಾಕಿಯ ಒಪ್ಪಿಗೆ ಕೇಳದೆ ಯಾರೂ ಹೀಗೆ ಬದಲಾಯಿಸುವಂತಿಲ್ಲ ಎಂಬುದು ಕಾರ್ಡ್ ಕಂಪನಿಗಳದೇ ನಿಯಮ. ಮಾವ ಆ ನಿಯಮವನ್ನು ತಮ್ಮ ಬ್ಯಾಂಕಿನ ಇಂಗ್ಲಿಷಿನಲ್ಲಿ ಅಂಗಡಿಯವನಿಗೆ ಓದಿ ಹೇಳಿದರು. ಹಿಂದಿನ ಸಾಲು ಬೀದಿಗೆ ಬಂತು. ಕಡೆಗೆ ಅವನು ಬಿಲ್ಲು ರದ್ದು ಮಾಡಿ ಮತ್ತೆ ಹಾಕಿದ. ಮಾವ ತಮ್ಮ ತೋರುಬೆರಳಿನಿಂದಲೇ ಬೂದಿ ಬಣ್ಣದ ಯೂರೋವನ್ನು ಒತ್ತಿದರು. ಮುನ್ನೂರು ರೂಪಾಯಿ ಉಳಿಯಿತು.

ಅಷ್ಟು ಹೊತ್ತಿಗೆ ಅವರು ಮೊದಲೇ ಕಾದಿರಿಸಿದ್ದ ಸೇನ್ ನದಿಯ ದೋಣಿ ಹೊರಟುಹೋಗಿತ್ತು. “ಆ ಟಿಕೇಟಿಗೆ ಎಷ್ಟು ಪರ್ಸೆಂಟು ಹೋಯ್ತು ರೀ?” ಎಂದು ಅತ್ತೆ ಕೇಳಿದ ಪ್ರಶ್ನೆ ಇವತ್ತಿಗೂ ಬಾಕಿಯಿದೆ. ರದ್ದಾದ ಮೊದಲ ಬಿಲ್ಲಿನ ಹಣ ವಾಪಸು ಬರುವವರೆಗೆ ಮಾವನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬಂದ ಮೇಲೂ ಬರಲಿಲ್ಲ, ಹನ್ನೊಂದು ರೂಪಾಯಿ ಕಡಿಮೆ ಬಂದಿತ್ತು.

ಪ್ಯಾರಿಸ್ಸಿಗೆ ಹೊರಡುವ ಮುನ್ನ ಲಂಡನ್ನಿನ ಮಗಳ ಮನೆಯಲ್ಲಿ ನಡೆದದ್ದು ಇನ್ನೂ ದೊಡ್ಡ ಕಾಳಗ. ಮಗಳ ಫೋನಿನಲ್ಲಿ ಅಲ್ಲಿಯ ಆ್ಯಪ್ ಬ್ಯಾಂಕುಗಳೆಲ್ಲ ಇದ್ದವು. ಅದರಲ್ಲೊಂದರ ನಿಬಂಧನೆಗಳನ್ನು ಮಾವ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಓದಿದರು. ವಿದೇಶಿ ವಿನಿಮಯದ ಪೇಟೆ ಶುಕ್ರವಾರ ಸಂಜೆ ನ್ಯೂಯಾರ್ಕಿನಲ್ಲಿ ಐದು ಹೊಡೆದಾಗ ಮುಚ್ಚುತ್ತದೆ. ಆಗ ಲಂಡನ್ನಿನಲ್ಲಿ ರಾತ್ರಿ ಹತ್ತು. ಮತ್ತೆ ಪೇಟೆ ತೆರೆಯುವಾಗ ದರ ಎಲ್ಲಿರುತ್ತದೋ ಯಾರಿಗೂ ಗೊತ್ತಿಲ್ಲ. ಆ ಅಪಾಯವನ್ನು ತಾವು ಹೊರಲಾರದೆ ಕೆಲವು ಆ್ಯಪ್‌ಗಳು ಪುಕ್ಕಟೆ ಖಾತೆಯವರಿಗೆ ಶನಿವಾರ, ಭಾನುವಾರ ಶೇಕಡ ಒಂದರಷ್ಟು ಹೆಚ್ಚಿಗೆ ಹಾಕುತ್ತವೆ. ತಿಂಗಳಿಗೆ ಇಷ್ಟೇ ಎಂಬ ಮಿತಿ ದಾಟಿದರೆ ವಾರದ ದಿನವೂ ಹಾಕುತ್ತವೆ. ಪ್ಯಾರಿಸ್ ಪ್ರವಾಸವೋ ಇರುವುದೇ ಶನಿವಾರ, ಭಾನುವಾರ. ಹಾಗಾದರೆ ಪೌಂಡುಗಳನ್ನು ಶುಕ್ರವಾರವೇ ಯೂರೋ ಮಾಡಿಡಬೇಕೆಂದು ಮಾವ ತೀರ್ಮಾನಿಸಿದರು. ಮಗಳು ಫೋನು ಕೈಗೆ ಕೊಟ್ಟಾಗ ಸಂಜೆ ಆರೂವರೆ.

ಅತ್ತೆ ದೇವರ ಮುಂದೆ ದೀಪ ಹಚ್ಚಿ ಬಂದರು. “ಏನ್ರೀ ಅದು?”

“ಪೌಂಡು ಕೊಡ್ತಿದೀನಿ.”

“ಶುಕ್ರವಾರ ದೀಪ ಹಚ್ಚಿದ ಹೊತ್ತಲ್ಲಿ ಮನೆಯಿಂದ ದುಡ್ಡು ಹೊರಗೆ ಹಾಕ್ತೀರಾ? ಬಾಣಂತಿ ಇರೋ ಮನೇಲಿ?”

“ಹೊರಗೆಲ್ಲಿ ಹೋಗತ್ತೆ? ಅದೇ ಖಾತೆ, ಅದೇ ಫೋನು. ಲಕ್ಷ್ಮಿ ಸೀರೆ ಬದಲಾಯಿಸ್ಕೋತಾಳೆ ಅಷ್ಟೇ.”

“ಬದಲಾಯಿಸ್ಕೊಳ್ಳೋದಾದ್ರೆ ಬೆಳಿಗ್ಗೆ ಬದಲಾಯಿಸ್ಕೋಬೇಕಿತ್ತು. ಮುಟ್ಟಬೇಡಿ.”

ಒಂದು ಕಡೆ ನ್ಯೂಯಾರ್ಕಿನ ಪೇಟೆ, ಇನ್ನೊಂದು ಕಡೆ ಮಹಾಲಕ್ಷ್ಮಿ. ಮಾವ ಗಡಿಯಾರ ನೋಡುತ್ತ ಶತಪಥ ತಿರುಗಿದರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಮಗಳು ತಲೆಯೆತ್ತದೆ ಹೇಳಿದಳು: “ಅಪ್ಪಾ, ನನ್ನ ಮಾಂಜೊ ಕಾರ್ಡಲ್ಲಿ ಇದ್ಯಾವ ರಗಳೆನೂ ಇಲ್ಲ. ಮಾಸ್ಟರ್‌ಕಾರ್ಡ್ ದರಕ್ಕೆ ಮೇಲೇನೂ ಸೇರಿಸದೆ ಹಾಗೇ ಹಾಕ್ತಾರೆ. ಶನಿವಾರ ಅಂಗಡೀಲಿ ಅದನ್ನೇ ತೋರಿಸಿದ್ರೆ ಆಯ್ತು.”

ಮಾವನ ಮುಖ ಬಾಡಿತು. ಶುಲ್ಕವೇ ಇಲ್ಲದ ಊರಿನಲ್ಲಿ ಮಾರ್ಕಪ್ ಮಾವನಿಗೇನು ಕೆಲಸ? ಆ ರಾತ್ರಿ ಊಟ ಸೇರಲಿಲ್ಲ. ಆದರೆ ಮಲಗುವ ಮುಂಚೆ ಮಾಂಜೊ ಖಾತೆಯ ನಿಬಂಧನೆಗಳನ್ನು ಓದುವಾಗ, ಹೊರದೇಶದ ಎಟಿಎಂನಿಂದ ತೆಗೆಯುವ ನಗದಿಗೆ ಅಲ್ಲೂ ಒಂದು ಮಿತಿಯಿದೆ ಎಂಬುದು ಕಣ್ಣಿಗೆ ಬಿತ್ತು. ತಕ್ಷಣ ಎದ್ದು ಕೂತು ಪ್ಲಾಸ್ಟರು, ಬಾಲ್‌ಪೆನ್ನು ಕೇಳಿ ಪಡೆದರಂತೆ.

ಊರಿಗೆ ಬಂದ ಮೇಲೆ ಮಾವನಿಗೆ ಒಳ್ಳೆಯ ಪ್ರಾಕ್ಟೀಸು. ಎಂಎಸ್ ಓದಲು ಜರ್ಮನಿಗೆ ಹೊರಟ ಹುಡುಗರು, ಗುಂಪಿನ ಪ್ರವಾಸಕ್ಕೆ ದುಡ್ಡು ಕಟ್ಟಿದ ದಂಪತಿಗಳು, ಎಲ್ಲರೂ ಹಣ್ಣು ಹಿಡಿದು ಬರುತ್ತಾರೆ. ಐಫೆಲ್ ಗೋಪುರದ ಟಿಕೇಟಿಗೆ 2024ರಿಂದ ಯುಪಿಐ ಬಂದಿದೆಯಲ್ಲ, ಇನ್ನು ಚಿಂತೆ ಯಾಕೆ ಎಂದು ಒಬ್ಬ ಕೇಳಿದ. “ಯೂರೋನ ರೂಪಾಯಿ ಮಾಡೋಕೆ ನಡುವೆ ಯಾರೋ ಒಬ್ಬ ಇರಲೇಬೇಕಲ್ಲಪ್ಪ. ಅವನೇನು ನಿಮ್ಮ ಚಿಕ್ಕಪ್ಪನೇ?” ಎಂದು ಮಾವ ಬಾಯಿ ಮುಚ್ಚಿಸಿದರು. ಹುಡುಗ ಕಾಲಿಗೆ ಬಿದ್ದರೆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ: “ಒಳ್ಳೇದಾಗ್ಲಿ. ಯೂರೋ ಒತ್ತು.”

ಹೋದ ವಾರ ಹಾಗೊಬ್ಬ ಹುಡುಗ ಅಪ್ಪ ಅಮ್ಮನ ಸಮೇತ ಬಂದಿದ್ದ. ನಾನೂರ ಹದಿಮೂರರಿಂದ ಹಿಡಿದು ಹನ್ನೊಂದು ರೂಪಾಯಿಯವರೆಗೆ ಕೇಳಿಸಿಕೊಂಡು ಅವರು ಎದ್ದಾಗ ಎರಡು ಗಂಟೆ ಕಳೆದಿತ್ತು. ಬಾಗಿಲ ಹತ್ತಿರ ಹುಡುಗನ ತಂದೆ ಸಂಕೋಚದಿಂದ, “ಇಷ್ಟೆಲ್ಲ ಹೇಳಿಕೊಟ್ರಿ ಸಾರ್, ನಿಮ್ಮದೇನಾದ್ರೂ ಫೀ…” ಎಂದರು.

ಮಾವ ಎದೆ ಉಬ್ಬಿಸಿ, “ಛೆ ಛೆ, ಫೀ ಇಲ್ಲ” ಎಂದರು.

ಕುಂಕುಮದ ಬಟ್ಟಲು ಹಿಡಿದು ಬಂದ ಅತ್ತೆ ಆ ತಾಯಿಯ ಕಡೆಗೆ ತಿರುಗಿ ಹೇಳಿದರು: “ಫೀ ಇಲ್ಲಮ್ಮಾ. ಎರಡು ಗಂಟೆಯಿಂದ ಕೂತಿದೀರಲ್ಲ, ಎಲ್ಲಾ ರೇಟಲ್ಲೇ ಬಂತು.”