ಷರಾ ಕಾಲಮ್ಮಿನ ಶಾಪ

ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಗಳಲ್ಲಿ ಲೆಕ್ಕ ಮೂರು ಕಡೆ ಇರುತ್ತದೆ: ಖಾತೆ ಪುಸ್ತಕದಲ್ಲಿ, ಮಿಲ್ಲಿನ ಗೋಡೆಯ ಮೇಲೆ ಇದ್ದಿಲಿನಲ್ಲಿ, ಮನೆಯ ಹಿರಿಯರ ತಲೆಯಲ್ಲಿ. ಮೂರೂ ತಾಳೆಯಾಗದಿದ್ದರೆ ತಲೆಯಲ್ಲಿರುವುದೇ ಸರಿ. ನಮ್ಮಲ್ಲಿ ಆ ತಲೆ ದೊಡ್ಡಪ್ಪನದು. 2003ರಲ್ಲಿ ಅವರು ಎಣ್ಣೆ ಮಿಲ್ಲಿನ ಹೆಸರಿಗೆ ‘ಪ್ರೈವೇಟ್ ಲಿಮಿಟೆಡ್’ ಎಂಬ ಬಾಲ ಹಚ್ಚಿದರು. ಆಗ ಕಾನೂನು ಕೇಳುತ್ತಿದ್ದ ಕನಿಷ್ಠ ಬಂಡವಾಳ ಒಂದು ಲಕ್ಷ. ಹತ್ತು ರೂಪಾಯಿಯ 10,000 ಷೇರು ಮಾಡಿ ತಮಗೆ 4,000, ಬೇಲೂರಿನ ಅತ್ತೆಗೆ 3,000, ಹಳೇಬೀಡಿನ ಚಿಕ್ಕಪ್ಪನಿಗೆ 3,000 ಇಟ್ಟರು. ಅಲ್ಲಿಂದಾಚೆಗಿನದೆಲ್ಲ ಬಾಯಿಮಾತು.

ಬೆಂಗಳೂರಿನ ಹೂಡಿಕೆದಾರರೊಬ್ಬರು ನಮ್ಮ ಎಣ್ಣೆ ರುಚಿ ನೋಡಿ, ಹೊಸದಾಗಿ 2,500 ಷೇರು ಕೊಳ್ಳುತ್ತೇನೆಂದಾಗ ಬಾಯಿಮಾತಿಗೆ ಕಷ್ಟಕಾಲ ಬಂತು. ಅವರು ದುಡ್ಡಿಗೆ ಮುಂಚೆ ಕಳಿಸಿದ್ದು ಒಂದು ಲಿಂಕು. ಷೇರುಗಳ ಲೆಕ್ಕವಿಡುವ ಸಾಫ್ಟ್‌ವೇರಂತೆ. ಯಾರ ಷೇರು ಯಾವತ್ತು ಯಾರಿಂದ ಯಾರಿಗೆ ಹೋಯಿತೆಂದು ಮೊದಲಿನಿಂದ ತುಂಬಬೇಕಂತೆ. ವಂಶದಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತರುವವನು ನಾನೊಬ್ಬನೇ ಆದ್ದರಿಂದ ಕೆಲಸ ನನ್ನ ಕೊರಳಿಗೆ ಬಿತ್ತು.

ಚಿಕ್ಕಪ್ಪ ಮಗಳ ಮದುವೆಯಲ್ಲಿ ಅತ್ತೆಯಿಂದ ದುಡ್ಡು ಪಡೆದು, ಬದಲಿಗೆ 500 ಷೇರು ಬರೆದುಕೊಟ್ಟಿದ್ದರು. ಯಾವತ್ತು? “ಮಾಲೇಕಲ್ಲು ತಿರುಪತಿ ತೇರಿನ ಮಾರನೇ ದಿನ” ಎಂದರು ದೊಡ್ಡಪ್ಪ. “ಅಲ್ಲ ಕಣೋ, ನಮ್ಮೂರ ಚೆನ್ನಕೇಶವನ ತೇರಿಗೆ ಮುಂಚೆ” ಎಂದರು ಅತ್ತೆ. ಒಂದು ತೇರು ಆಷಾಢದ್ದು, ಇನ್ನೊಂದು ಚೈತ್ರದ್ದು. ಸಾಫ್ಟ್‌ವೇರಿಗೆ ಎರಡೂ ಬೇಡ. ಅದು ದಿನ, ತಿಂಗಳು, ಇಸವಿ ಎಂಬ ಮೂರು ಖಾಲಿ ಮನೆ ತೋರಿಸಿ ಕಣ್ಣು ಮಿಟುಕಿಸುತ್ತಿತ್ತು.

ಕೊನೆಗೆ ದೊಡ್ಡಪ್ಪನ ಬೀರುವಿನಲ್ಲಿ, ಹಳೆಯ ಪಂಚಾಂಗದ ನಡುವೆ, ಚಿಕ್ಕಪ್ಪ ಸಹಿ ಹಾಕಿದ ಷೇರು ವರ್ಗಾವಣೆಯ ಎಸ್‌ಎಚ್-4 ಫಾರಂ ಸಿಕ್ಕಿತು. ಸಹಿಯಾದ 60 ದಿನದೊಳಗೆ ಅದು ಕಂಪನಿಗೆ ತಲುಪಬೇಕೆಂಬುದು ನಿಯಮ. ಕಂಪನಿಯ ನೋಂದಾಯಿತ ಕಚೇರಿ ಎಲ್ಲಿ? ದೊಡ್ಡಪ್ಪನ ಮನೆ. ಬೀರು ಎಲ್ಲಿ? ಅದೇ ಮನೆಯಲ್ಲಿ. ಹಾಗಾದರೆ ಅದು ಮೊದಲ ದಿನವೇ ತಲುಪಿದಂತಲ್ಲವೇ ಎಂಬುದು ದೊಡ್ಡಪ್ಪನ ವಾದ. ನಮ್ಮ ಕಂಪನಿ ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿ, ಹೊಸ ಫಾರಂ ಮುಂದಿಟ್ಟರು.

ಅದಕ್ಕೆ ಅತ್ತೆಯ ಸಹಿ ಬೇಕೆಂದು ಬೇಲೂರಿಗೆ ಹೋದವನು ದೇವಸ್ಥಾನಕ್ಕೂ ಹೋದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಎಲ್ಲರೂ ಮದನಿಕೆಯರನ್ನು ನೋಡುತ್ತಿದ್ದರೆ ನಾನು ಶಾಸನಗಳನ್ನು ನೋಡುತ್ತ ನಿಂತೆ. ಹೊಯ್ಸಳರ ಕಾಲದಲ್ಲಿ ಅಗ್ರಹಾರದ ಭೂಮಿಯನ್ನು ವೃತ್ತಿಗಳೆಂಬ ಪಾಲುಗಳಾಗಿ ಹಂಚಿ, ಯಾವ ಗೋತ್ರದ ಯಾರಿಗೆ ಎಷ್ಟು ವೃತ್ತಿ ಎಂದು ಹೆಸರು ಹಿಡಿದು ಬರೆಸುತ್ತಿದ್ದರು. ಕಲ್ಲಿನಲ್ಲಿ ಅಳಿಸಿ ಬರೆಯುವಂತಿಲ್ಲ. ಈ ಸಾಫ್ಟ್‌ವೇರಿನದೂ ಅದೇ ಹಟ: ಷೇರು ಪ್ರಮಾಣಪತ್ರವನ್ನು ತಿದ್ದಬೇಕಾದರೆ ಹಳೆಯದನ್ನು ರದ್ದು ಮಾಡಿ ಹೊಸದನ್ನು ಕೊಡಬೇಕು, ಎರಡೂ ದಾಖಲೆಯಲ್ಲಿ ಉಳಿಯುತ್ತವೆ. ಕೊಟ್ಟವರು, ಪಡೆದವರು ಇನ್ನೂ ಒಂದೇ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿರುವಾಗಲೇ ಬರೆಸಿಬಿಡಬೇಕು ಎಂಬ ಬುದ್ಧಿ ಹೊಯ್ಸಳರಿಗಿತ್ತು, ನಮ್ಮ ಮನೆಯವರಿಗಿರಲಿಲ್ಲ.

ದಂಡದ ವಿಷಯದಲ್ಲೂ ಹಳಬರದೇ ಮೇಲುಗೈ. ಸದಸ್ಯರ ರಿಜಿಸ್ಟರ್ ಇಡದಿದ್ದರೆ ಈಗಿನ ಕಾಯ್ದೆಯಲ್ಲಿ ಕಂಪನಿಗೆ ಮೂರು ಲಕ್ಷ, ಹೊಣೆ ಹೊತ್ತ ಅಧಿಕಾರಿಗೆ ಐವತ್ತು ಸಾವಿರ ರೂಪಾಯಿ ದಂಡ. ಶಾಸನದ ಕೊನೆಯ ಶಾಪದಲ್ಲಿ ದಾನದ ಭೂಮಿ ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಬಿದ್ದಿರಬೇಕು. ಇದನ್ನು ಕೇಳಿದ ದೊಡ್ಡಪ್ಪ, “ಅದನ್ನೂ ಹಾಕು ಮಗಾ” ಎಂದರು. ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗವಿದ್ದದ್ದು ಷರಾ ಕಾಲಂ ಒಂದೇ. ಹಾಕಿದೆ.

ಮುಂದಿನ ಗಂಟು ಹೊಸ ಷೇರುಗಳದು. ನಮ್ಮ ಅಧಿಕೃತ ಬಂಡವಾಳವೇ 10,000 ಷೇರಿಗೆ ಮುಗಿದಿತ್ತು. ಅದರಾಚೆ ಒಂದನ್ನು ಸೇರಿಸಿದರೂ ಪರದೆ ಕೆಂಪಗಾಗುತ್ತಿತ್ತು. ಹೋಳಿಗೆ ಊಟದ ನೆಪದಲ್ಲಿ ಮಹಾಸಭೆ ಕರೆದು, ಬಂಡವಾಳ ಏರಿಸಿ, ಎಸ್‌ಎಚ್-7 ಸಲ್ಲಿಸಿದ್ದಾಯಿತು. ದುಡ್ಡು ಬಂದ ಮೇಲೂ, ಷೇರು ಹಂಚಿಕೆಯ ಪಾಸ್-3 ಸಲ್ಲಿಸುವ ತನಕ ಅದನ್ನು ಮುಟ್ಟಬಾರದೆಂದು ಸೆಕ್ರೆಟರಿ ಅಡ್ಡ ನಿಂತರು. ದೊಡ್ಡಪ್ಪನಿಗೆ ಅದಕ್ಕಿಂತ ದೊಡ್ಡ ಸಂಕಟ ಪರದೆಯ ಮೇಲಿತ್ತು. ಅವರ ಹೆಸರಿನ ಮುಂದೆ 4,000 ಹಾಗೇ ಇದೆ; 40 ಪರ್ಸೆಂಟ್ ಮಾತ್ರ 32 ಆಗಿದೆ. “ಯಾರೂ ಕೈ ಹಾಕಿಲ್ಲ, ಬೀಗ ಒಡೆದಿಲ್ಲ, ಎಂಟು ಪರ್ಸೆಂಟ್ ಎಲ್ಲಿ ಹೋಯ್ತು?” ಎಂದು ಅವರು ಮೌಸನ್ನೇ ಎತ್ತಿ ಅಡಿಯಲ್ಲಿ ನೋಡಿದರು. ಒಟ್ಟು 12,500 ಆಯಿತಲ್ಲ ಎಂದು ಭಾಗಾಕಾರ ಮಾಡಿ ತೋರಿಸಿದೆ. ಭಾಗಾಕಾರವನ್ನು ಒಪ್ಪಿದರು, ಉತ್ತರವನ್ನು ಒಪ್ಪಲಿಲ್ಲ.

ಮಿಲ್ಲಿನ ಹಳೆಯ ಮೇಸ್ತ್ರಿಗೂ ನೌಕರರ ಷೇರು ಆಪ್ಷನ್ ಕೊಡೋಣವೆಂದು ಹೂಡಿಕೆದಾರರೇ ಹೇಳಿದರು. ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಅದು ಮಾಗುವಂತಿಲ್ಲ. ಇದನ್ನು ಅರಸೀಕೆರೆಯವರಿಗೆ ವಿವರಿಸುವುದು ಸುಲಭ: ಅಟ್ಟಕ್ಕೆ ಹಾಕಿದ ತೆಂಗಿನಕಾಯಿಯೂ ಹೆಚ್ಚುಕಡಿಮೆ ವರ್ಷ ಕಳೆದು, ಅಲ್ಲಾಡಿಸಿದರೆ ಗಡಗಡ ಅಂದಾಗಲೇ ಉಂಡೆ ಕೊಬ್ಬರಿ. ಮೇಸ್ತ್ರಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು. ಒಪ್ಪಿಗೆಯ ಒಟಿಪಿ ಮಾತ್ರ ಅವನ ಮೊಮ್ಮಗನ ಫೋನಿಗೆ ಹೋಗಿ, ಅವನು ಶಾಲೆಯಿಂದ ಬರುವವರೆಗೆ ಕಂಪನಿ ಕಾದು ಕೂತಿತು.

ಎಲ್ಲ ಮುಗಿಯಿತೆನ್ನುವಾಗ ಹೂಡಿಕೆದಾರರ ವಕೀಲರಿಂದ ಪತ್ರ ಬಂತು. ಷರಾ ಕಾಲಂ ಓದುವ ಮನುಷ್ಯನೊಬ್ಬ ಈ ಭೂಮಿಯ ಮೇಲಿರಬಹುದೆಂದು ನಾವು ಎಣಿಸಿರಲಿಲ್ಲ. “ಹುಳುವಾಗುವ ಷರತ್ತು ಹೊಸ ಷೇರುದಾರರಿಗೂ ಅನ್ವಯವೇ? ಹೌದಾದರೆ, ಹೊಣೆ ಜಂಟಿಯೋ ಪ್ರತ್ಯೇಕವೋ ಸ್ಪಷ್ಟಪಡಿಸಿ.” ಸೆಕ್ರೆಟರಿ ಒಂದು ರಾತ್ರಿ ಯೋಚಿಸಿ ಉತ್ತರ ಬರೆದರು: “ಎಲ್ಲರಿಗೂ ಅನ್ವಯ, ಅವರವರ ಷೇರಿನ ಪ್ರಮಾಣಕ್ಕೆ ತಕ್ಕಷ್ಟು.”

ದೊಡ್ಡಪ್ಪ ತಕ್ಷಣ ಕ್ಯಾಲ್ಕುಲೇಟರ್ ತರಿಸಿಕೊಂಡರು. ಹೂಡಿಕೆದಾರರಿಗೆ 20 ಪರ್ಸೆಂಟಿಗೆ 12,000 ವರ್ಷ. ಮೇಸ್ತ್ರಿಗೆ ಸದ್ಯಕ್ಕೆ ಏನೂ ಇಲ್ಲ, ಅವನ ಆಪ್ಷನ್ ಇನ್ನೂ ಹಸಿ. ತಮ್ಮ 32ಕ್ಕೆ 19,200 ವರ್ಷ. ಎರಡೆರಡು ಸಲ ಗುಣಿಸಿ ನೋಡಿದ ಮೇಲೆ ಅವರ ಮುಖ ಅರಳಿತು.

“ನೋಡ್ದಾ, ಈಗಲೂ ದೊಡ್ಡ ಪಾಲು ನಂದೇ.”